ಯಲ್ಲಮ್ಮ ತೆಗೆದ ಕಲ್ಲುಚೂರು

ಇದು ನಡೆದದ್ದು 1938ರಲ್ಲೋ ಮರುವರ್ಷವೋ, ಖಚಿತವಾಗಿ ಹೇಳಲಾರೆ. ಆಡಿದ ಮಾತುಗಳೂ ಇವೇ ಎಂದು ಪ್ರಮಾಣ ಮಾಡಲಾರೆ. ಹತ್ತಾರು ಸಲ ಹೇಳಿ ಸವೆದ ನೆನಪಿನ ಮೇಲೆ ನನಗೆ ಅಷ್ಟಾಗಿ ನಂಬಿಕೆಯಿಲ್ಲ. ಆಗ ನಾನು ಮುಳಬಾಗಿಲಿನ ಆಸ್ಪತ್ರೆಯಲ್ಲಿ ವೈದ್ಯಾಧಿಕಾರಿ.

ತಾಯಲೂರು ಕಡೆಯ ಕಲ್ಲುಕುಟಿಗ ಮುನಿಶಾಮಪ್ಪನನ್ನು ಹೆಂಡತಿ ಯಲ್ಲಮ್ಮ ಕೈಹಿಡಿದು ಕರೆತಂದಳು. ಅವನ ಎಡಗಣ್ಣು ಬಾಲ್ಯದ ಸಿಡುಬಿನಲ್ಲೇ ಹೋಗಿತ್ತು. ಈಗ ಉಳಿದ ಒಂದೇ ಕಣ್ಣಿಗೂ ಸಂಜೆಯಾದರೆ ದಾರಿ ಕಾಣುತ್ತಿರಲಿಲ್ಲ. ಪರೀಕ್ಷಿಸಿದರೆ ಪಾಪೆಯ ಸುತ್ತ ತುಕ್ಕಿನ ಬಣ್ಣ. ಕಣ್ಣಿಗೆ ಏನಾದರೂ ಬಿದ್ದಿತ್ತೇ ಎಂದು ಕೇಳಿದೆ.

“ಎರಡು ವರ್ಷ ಆಯ್ತು ಸಾಮಿ, ರುಬ್ಬುಗಲ್ಲು ಕಡೀವಾಗ ಚೂರು ಹಾರಿತ್ತು. ಇವಳು ಆವತ್ತೇ ತೆಗೆದ್ಲು. ಇವಳ ನಾಲಿಗೆ ಕಂಡ್ರೆ ಕಲ್ಲೂ ಹೆದರ್ತದೆ!”

“ಸುಮ್ನಿರಯ್ಯಾ, ಡಾಕ್ಟ್ರ ಮುಂದೆ,” ಎಂದು ಯಲ್ಲಮ್ಮ ಸೆರಗನ್ನು ಬಾಯಿಗೆ ಹಿಡಿದು ನಕ್ಕಳು.

ಕಣ್ಣಿಗೆ ಕಸ ಬಿದ್ದರೆ ರೆಪ್ಪೆ ಮಗುಚಿ ನಾಲಿಗೆಯ ತುದಿಯಿಂದ ತೆಗೆಯುವುದು ಆ ಕಡೆಯ ವಾಡಿಕೆ. ಯಲ್ಲಮ್ಮ ಅದರಲ್ಲಿ ಪಳಗಿದವಳು. ಅಂದು ಕಲ್ಲಿನ ಹರಳು ನಾಲಿಗೆಗೆ ಬಂತು, ನೋವು ಇಳಿಯಿತು, ಇಬ್ಬರೂ ಮರೆತರು.

ಅದೇ ಪೆಟ್ಟಿಗೆ ಉಳಿಯ ತಲೆಯಿಂದ ಕಬ್ಬಿಣದ ಸಣ್ಣ ಚೂರೂ ಸಿಡಿದು ಕಣ್ಣೊಳಗೆ ಹೊಕ್ಕಿರಬೇಕೆಂದು ನನ್ನ ಗುಮಾನಿ. ಒಳಗೆ ಉಳಿದ ಕಬ್ಬಿಣ ವರ್ಷಗಟ್ಟಲೆ ಕರಗುತ್ತ ರೆಟಿನಾವನ್ನು, ಎಂದರೆ ಕಣ್ಣಿನ ಹಿಂಬದಿಯ ನೋಡುವ ಪದರವನ್ನು, ಸಾಯಿಸುತ್ತದೆ. ಇದಕ್ಕೆ ಸಿಡೆರೋಸಿಸ್ ಎಂದು ಹೆಸರು. ಬೆಂಗಳೂರಿಗೆ ಕಳಿಸಿದೆ. ಎಕ್ಸ್‌ರೇಯಲ್ಲಿ ಚೂರು ಕಂಡಿತು; ತಡವಾಗಿತ್ತು. ದೃಷ್ಟಿ ಪೂರ್ತಿ ಆರಿತು. ಆಮೇಲೆ ನೋವು ತಾಳಲಾರದೆ ಕಣ್ಣನ್ನೇ ತೆಗೆಸಬೇಕಾಯಿತು.

ಊರಿಗೆ ಮರಳಿದ ಯಲ್ಲಮ್ಮ ಮತ್ತೆ ಯಾರ ರೆಪ್ಪೆಯನ್ನೂ ಮಗುಚಲಿಲ್ಲ. ಅಳುವ ಮಗುವನ್ನು ಎತ್ತಿಕೊಂಡು ಬಂದವರನ್ನೂ ಆಸ್ಪತ್ರೆಗೆ ಅಟ್ಟುತ್ತಿದ್ದಳಂತೆ.

“ಒಳಗಿದ್ದದ್ದು ಕಬ್ಬಿಣ ಕಣಮ್ಮ, ನಿನ್ನ ನಾಲಿಗೆಗೆ ಸಿಗುವಂಥದ್ದಲ್ಲ,” ಎಂದು ಅವಳು ಒಮ್ಮೆ ಆಸ್ಪತ್ರೆಗೆ ಬಂದಾಗ ಸಮಾಧಾನ ಹೇಳಿದೆ. ಚೂರು ಕಬ್ಬಿಣದ್ದೇ ಎಂಬುದು ಆಗಿನ್ನೂ ನನ್ನ ಊಹೆ.

“ಏನಾದ್ರೇನು ಸಾಮಿ? ಚೂರು ಬಂತು ಅಂದೋಳು ನಾನೇ ಅಲ್ವಾ. ಅದಕ್ಕೇ ಆಯಪ್ಪ ಇನ್ಯಾರಿಗೂ ತೋರಿಸ್ಲಿಲ್ಲ.”

ಅಂದಿನಿಂದ ಕಣ್ಣಿಗೆ ಪೆಟ್ಟಾದವರನ್ನು ಏನು ಹೊರಬಂತು ಎಂದಷ್ಟೇ ಕೇಳಿ ಬಿಟ್ಟಿಲ್ಲ; ಏನು ಯಾವುದಕ್ಕೆ ಬಡಿದಾಗ ಚೂರು ಸಿಡಿಯಿತು ಎಂದೂ ಕೇಳಿದ್ದೇನೆ.

ಅವಳು ನಿಜವಾಗಿ ಹಾಗೆ ಅಂದಳೋ, ನನ್ನ ಮಾತನ್ನೇ ಅವಳ ಬಾಯಲ್ಲಿ ಇಟ್ಟಿದ್ದೇನೋ ತಿಳಿಯದು. ಒಂದನ್ನು ಮಾತ್ರ ಪರೀಕ್ಷಿಸಿದೆ. ಬೆಂಗಳೂರಿನ ಸರ್ಜನ್, ತೆಗೆದ ಕಣ್ಣಿನೊಳಗಿದ್ದ ಆ ಚೂರನ್ನು ಆಮೇಲೆ ಗಾಜಿನ ಸಣ್ಣ ಸೀಸೆಯಲ್ಲಿ ಕಳಿಸಿಕೊಟ್ಟರು. ಹೊರಗಿನಿಂದ ಅಯಸ್ಕಾಂತ ಹಿಡಿದೆ. ಚೂರು ತಳದಿಂದೆದ್ದು ಗಾಜಿಗೆ ಅಂಟಿಕೊಂಡಿತು.