ಪಕ್ಕದ ಮನೆ ಅಜ್ಜಿಯ ಕಫ

ನಮ್ಮ ಸೊಸೆ ಬೆಳಗ್ಗೆ ಬಚ್ಚಲಿಗೆ ಹೋದರೆ ಮೊದಲು ನಲ್ಲಿಯನ್ನು ಪೂರ್ತಿ ತಿರುಗಿಸುತ್ತಾಳೆ. ಬಕೆಟ್ ತುಂಬಿ ಹರಿದರೂ ನಿಲ್ಲಿಸುವುದಿಲ್ಲ. ಏನು ಹುಡುಗಿಯಪ್ಪಾ, ನೀರಿನ ಬೆಲೆ ಗೊತ್ತಿಲ್ಲ ಎಂದು ಎರಡು ದಿನ ಗೊಣಗಿಕೊಂಡೆ. ಮೂರನೆಯ ದಿನ ಆ ನೀರಿನ ಸದ್ದಿನೊಳಗೆ ಇನ್ನೊಂದು ಸದ್ದು ಕೇಳಿತು. ಗಂಟಲಿಗೆ ಅಂಟಿದ ಕಫವನ್ನು ಯಾರಿಗೂ ಗೊತ್ತಾಗದಂತೆ ಹೊರಗೆ ಹಾಕುವ ಸದ್ದು. ಅವಳಿಗೀಗ ನಾಲ್ಕು ತಿಂಗಳು. ನನಗೆ ಪಕ್ಕದ ಮನೆಯ ಅಜ್ಜಿ ನೆನಪಾದಳು…

ಆಗ ನಾನು ಮತ್ತೋಡಿನ ಈ ಮನೆಗೆ ಸೊಸೆಯಾಗಿ ಬಂದು ವರ್ಷ ತುಂಬಿರಲಿಲ್ಲ. ಬಸುರಿಗೆ ವಾಂತಿ ಎಂದರೆ ಎಲ್ಲರೂ ಅಯ್ಯೋ ಅನ್ನುತ್ತಾರೆ, ಹುಣಸೆಕಾಯಿ ತಂದುಕೊಡುತ್ತಾರೆ. ಗಂಟಲ ಕಫ ಯಾರ ಲೆಕ್ಕಕ್ಕೂ ಇಲ್ಲ. ನನಗೆ ಬಂದದ್ದು ಅದೇ. ನೆಗಡಿಯಿಲ್ಲ, ಜ್ವರವಿಲ್ಲ, ಎದ್ದ ಕೂಡಲೇ ಗಂಟಲಲ್ಲಿ ಗಂಜಿ ಕಟ್ಟಿದ ಹಾಗೆ. ಹೊಸದುರ್ಗದ ಡಾಕ್ಟರಮ್ಮ, "ಕೆಲವರಿಗೆ ಹೀಗಾಗುತ್ತಮ್ಮ, ಹೆರಿಗೆಯಾದ ಮೇಲೆ ಹೋಗುತ್ತೆ. ಊಟ ಮಾತ್ರ ಬಿಡಬೇಡ" ಎಂದು ಕಳಿಸಿದ್ದರು.

ಆದರೆ ನಮ್ಮ ಕಡೆ ಕ್ಯಾಕರಿಸುವುದೆಂದರೆ ಬರೀ ಗಂಟಲು ಸರಿಮಾಡಿಕೊಳ್ಳುವುದಲ್ಲ, ಎದುರಿಗಿದ್ದವರ ಮುಖಕ್ಕೆ ಉಗಿದ ಹಾಗೆ. ಒಂದು ಬೆಳಗ್ಗೆ ಅತ್ತೆ ಏನೋ ಬುದ್ಧಿ ಹೇಳುತ್ತಿದ್ದರು. ಸರಿಯಾಗಿ ಆಗಲೇ ನನ್ನ ಗಂಟಲು ಕಟ್ಟಬೇಕೆ? ಜೋರಾಗಿ ಕ್ಯಾಕರಿಸಿ ಹಿತ್ತಲಿಗೆ ಓಡಿದೆ. ಮುಗಿಯಿತು ಕಥೆ. "ನಾನು ಮಾತಾಡಿದ್ರೆ ಕ್ಯಾಕರಿಸ್ತಾಳೆ. ಇನ್ನೊಂದ್ಸಲ ಹಿಂಗಾದ್ರೆ ತವರಿಗೆ ಬಿಟ್ಟು ಬಾ, ಕರಿಯಾಕೆ ಹೋಗಬ್ಯಾಡ" ಎಂದು ಮಗನಿಗೆ ಹೇಳಿದರು. ನನ್ನ ಗಂಡ ಟವೆಲು ಹೆಗಲಿಗೆ ಹಾಕಿಕೊಂಡು ಹೊರಗೆ ನಡೆದರು. ಅವತ್ತಿನಿಂದ ನಾನು ನುಂಗತೊಡಗಿದೆ. ನುಂಗಿದ್ದು ಉಂಡ ಅನ್ನದ ಸಮೇತ ಹೊರಗೆ ಬರುತ್ತಿತ್ತು. ಹದಿನೈದು ದಿನದಲ್ಲಿ ಕೈಬಳೆ ಸಡಿಲಾದವು. ಹೊಟ್ಟೆಯ ಕೂಸಿಗೆ ಏನಾಗುವುದೋ ಎಂದು ಹೆದರಿ ಸಾಯುತ್ತಿದ್ದೆ.

ಪಕ್ಕದ್ದು ಕುರಿ ಸಾಕುವವರ ಮನೆ, ಒಂದು ಎಮ್ಮೆಯೂ ಇತ್ತು. ಗಂಡುಮಕ್ಕಳು ಕುರಿ ಹೊಡೆದುಕೊಂಡು ಹೋದ ಮೇಲೆ ಅಜ್ಜಿ ಹಿತ್ತಲಲ್ಲಿ ಮರಿಗಳನ್ನು ನೋಡಿಕೊಳ್ಳುತ್ತಿದ್ದಳು. ನಡುವೆ ಎದೆಮಟ್ಟದ ಮಣ್ಣಿನ ಗೋಡೆ. ನಾನು ಕಣ್ಣಲ್ಲಿ ನೀರು ತುಂಬಿಕೊಂಡು ನುಂಗುವುದನ್ನು ಅವಳು ಎಷ್ಟು ದಿನದಿಂದ ನೋಡುತ್ತಿದ್ದಳೋ.

"ನುಂಗಬ್ಯಾಡ ಕಣವ್ವ. ಕುರಿ ಸೈತ ಸೀನಿ ಹೊರಗೆ ಹಾಕ್ತತೆ" ಎಂದಳು. "ನಾಳೆಯಿಂದ ನಾನು ಶುರು ಮಾಡ್ತೀನಿ. ನನ್ನ ಸದ್ದಿನಾಗೆ ನಿಂದೂ ಸೇರಿಸ್ಬಿಡು."

ಮಾರನೆಯ ದಿನ ಅಜ್ಜಿ ಕ್ಯಾಕರಿಸಿದಳು ನೋಡಿ, ನಮ್ಮ ಕೋಳಿಗಳು ತಿಪ್ಪೆ ಬಿಟ್ಟು ಓಡಿದವು. ಆ ಗದ್ದಲದಲ್ಲಿ ನನ್ನದು ಯಾರಿಗೆ ಕೇಳಬೇಕು? ಆಮೇಲೆ ನಾನು ಹಿತ್ತಲಿಗೆ ಬಂದು ಬಳೆ ಸದ್ದು ಮಾಡಿದರೆ ಸಾಕು, ಗೋಡೆಯಾಚೆ ಶುರುವಾಗುತ್ತಿತ್ತು. ನನ್ನ ಹೊಟ್ಟೆಯಲ್ಲಿ ಅನ್ನ ನಿಂತಿತು. "ಆ ಮುದುಕಿಗೆ ಏನು ಬಡಕಂಡೈತೋ" ಎಂದು ಅವಳನ್ನು ಬಯ್ಯುತ್ತಾ ಅತ್ತೆ ನನ್ನ ಮೇಲಿನ ಸಿಟ್ಟು ಮರೆತರು.

ಊರು ಸುಮ್ಮನಿರುತ್ತದೆಯೇ? ಅಜ್ಜಿಗೆ ಕ್ಷಯ ಎಂದು ಸುದ್ದಿಯಾಯಿತು. ಬೀದಿಯವರು ಅವಳ ಮನೆಯಿಂದ ಮಜ್ಜಿಗೆ ತರುವುದನ್ನು ಬಿಟ್ಟರು. ಒಂದು ನಾಮಕರಣದ ಊಟದಲ್ಲಿ ಅವಳನ್ನು ಪಂಕ್ತಿಯಿಂದ ಎಬ್ಬಿಸಿ, ಹೊರಗೆ ಜಗುಲಿಯಲ್ಲಿ ಬೇರೆ ಎಲೆ ಹಾಕಿದರು. ಹೇಳಿಬಿಡೋಣವೆಂದು ನಾನು ಎದ್ದೆ. ಅಜ್ಜಿ ಅಲ್ಲಿಂದಲೇ ಕಣ್ಣು ಬಿಟ್ಟು, ಕೂತುಕೋ ಎಂದು ಕೈಸನ್ನೆ ಮಾಡಿದಳು. ನಾನು ಕೂತೆ. ಪಾಯಸ ಬಡಿಸಿದರು, ನಾನು ಉಂಡೂಬಿಟ್ಟೆ… ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೇ ಅಸಹ್ಯ.

ತವರಿನಲ್ಲಿ ಹೆತ್ತು, ಐದು ತಿಂಗಳ ಮಗನನ್ನು ಎತ್ತಿಕೊಂಡು ಬಂದಾಗ ಅಜ್ಜಿ ಗೋಡೆಯ ಮೇಲಿಂದ ಕೈ ಚಾಚಿ ಅವನ ಗಲ್ಲ ಹಿಂಡಿದಳು. "ನೀನು ಹೆತ್ತೆ, ನನ್ ಕಫ ಇಳೀತು ನೋಡು" ಎಂದು ನಕ್ಕಳು. ಅತ್ತೆ ಪಕ್ಕದಲ್ಲೇ ಇದ್ದರು. ಅವರಿಗೆ ಅರ್ಥವಾಯಿತೋ ಇಲ್ಲವೋ ಗೊತ್ತಿಲ್ಲ. ಮಾರನೆಯ ದಿನ ಚೊಂಬು ಹಿಡಿದು ಅಜ್ಜಿಯ ಮನೆಗೆ ಮಜ್ಜಿಗೆಗೆ ಹೋದರು.

ಅಂಥ ಎದೆಗಾರಿಕೆಯನ್ನು ನಾನು ಆಮೇಲೆ ಯಾರಲ್ಲೂ ಕಾಣಲಿಲ್ಲ. ನೆಟ್ಟಗಿದ್ದವಳು, ನನಗಾಗಿ ಊರಿನ ಬಾಯಿಗೆ ಬಿದ್ದಳು. ಅವಳು ತೀರಿಕೊಂಡು ಎಷ್ಟೋ ವರ್ಷವಾಯಿತು. ಮಣ್ಣಿನ ಗೋಡೆ ಹೋಗಿ ಇಟ್ಟಿಗೆಯದು ಬಂದಿದೆ. ಬೀದಿಯವರ ಬಾಯಲ್ಲಿ ಮಾತ್ರ ಅವಳಿನ್ನೂ ಕಫದಜ್ಜಿ. ನಾನು ಒಮ್ಮೆಯೂ ತಿದ್ದಿರಲಿಲ್ಲ.

ಇವತ್ತು ಬೆಳಗ್ಗೆ ನಲ್ಲಿಯ ಸದ್ದು ಶುರುವಾದಾಗ ನಾನು ಬಚ್ಚಲ ಬಾಗಿಲ ಹತ್ತಿರ ನಿಂತು ಕ್ಯಾಕರಿಸಿದೆ, ಅಜ್ಜಿಯ ಹಾಗೆ, ಬೀದಿಗೆ ಕೇಳುವಂತೆ. ನಲ್ಲಿ ನಿಂತಿತು.

"ಅತ್ತೆ, ಹುಷಾರಿಲ್ವಾ?" ಎಂದಳು ಸೊಸೆ ಒಳಗಿನಿಂದ.

"ನಂಗೇನಾಗೈತೆ? ನೀನು ಉಗುಳವ್ವ, ನಾಚಿಕೆ ಬ್ಯಾಡ."

ಹಾಲು ತಂದಿದ್ದ ಎದುರುಮನೆಯವಳು ಬಾಗಿಲಲ್ಲೇ ನಕ್ಕಳು. "ಏನ್ರಿ, ಕಫದಜ್ಜಿ ಎದ್ದು ಬಂದಂಗಾತಲ್ಲ."

"ಆ ಅಜ್ಜಿಗೆ ಒಂದಿನಾನೂ ಕಫ ಇರ್ಲಿಲ್ಲ ಕಣೆ" ಎಂದೆ. "ಅದು ನಂದು."

ಇಷ್ಟು ಹೇಳಲು, ಅಂದು ಹೊಟ್ಟೆಯಲ್ಲಿದ್ದ ಮಗ ಬೆಳೆದು ತಾನೇ ಅಪ್ಪನಾಗುವಷ್ಟು ಕಾಲ ಹಿಡಿಯಿತು. ಕೇಳಿಸಿಕೊಳ್ಳಬೇಕಾದವಳು ಗೋಡೆಯಾಚೆ ಇರಲಿಲ್ಲ.