ಬದುಕಿದ್ದವನ ದನಿ

ಬಟ್ಟೆ ಹೊಲಿಯುವ ಆಕೆಯನ್ನು ಬೀದಿಯವರೆಲ್ಲ ದನಿಯಕ್ಕ ಎನ್ನುತ್ತಿದ್ದರು. ಹೊಲಿಗೆ ಯಂತ್ರ ನಿಲ್ಲಿಸಿ ಕಣ್ಣು ಮುಚ್ಚಿದರೆ ಸಾಕು, ಸತ್ತವರು ಅವಳ ಬಾಯಲ್ಲಿ ಮಾತಾಡುತ್ತಿದ್ದರು. ಬೇಕರಿಯವನು ಕಾಣೆಯಾಗಿ, ಅವನ ಹೆಂಡತಿ ಬಂದಾಗಲೂ ಹಾಗೇ ಆಯಿತು. "ನನ್ನ ದಾರಿ ಕಾಯಬೇಡ ಕಣೇ," ಎಂದಿತು ಗಂಡನ ದನಿ. ಆಕೆ ಬಿಕ್ಕಿ ಬಿಕ್ಕಿ ಅತ್ತು ಹೋದಳು.

ಮರುವಾರ ಬೇಕರಿಯವನೇ ಬಾಗಿಲಲ್ಲಿ ನಿಂತಿದ್ದ.

"ಗುಂಡುಕಲ್ಲಿನ ಹಾಗಿದ್ದೀನಲ್ಲ ಅಕ್ಕಾ! ಸಿಟ್ಟು ಮಾಡ್ಕೊಂಡು ಹೋದವನು ಮನಸ್ಸಲ್ಲಿ 'ದಾರಿ ಕಾಯಬೇಡ' ಅಂತಲೇ ಅಂದ್ಕೊಳ್ತಿದ್ದೆ. ನಿಮಗೆ ಹೇಳಿದ್ಯಾರು?"

ದನಿಯಕ್ಕನಿಗೆ ತಲೆಬುಡ ತಿಳಿಯಲಿಲ್ಲ. ಇಷ್ಟು ವರ್ಷ ತನ್ನ ಬಾಯಲ್ಲಿ ಮಾತಾಡಿದವರು ಸತ್ತವರೋ, ಬದುಕಿದ್ದವರೋ? ಎಷ್ಟು ಜನರನ್ನು ಸುಮ್ಮನೆ ಅಳಿಸಿದೆನೋ?

ಅಷ್ಟರಲ್ಲಿ ಮುದುಕರೊಬ್ಬರು ಬಂದು, ತಮ್ಮನ ಜೊತೆ ಮಾತಾಡಬೇಕು ಎಂದರು.

"ತಪ್ಪು ತಿಳೀಬೇಡಿ ಅಜ್ಜಾ," ಎಂದಳು ಅಳುಕುತ್ತಾ, "ಅವರು ತೀರಿಹೋಗಿದ್ದನ್ನ ನೀವು ಕಣ್ಣಾರೆ ನೋಡಿದ್ರಾ?"