ಮಂಕರಿಯಡಿ ಉರಿದ ದೀಪ

ಆ ಬ್ಯಾಟರಿಯನ್ನು ಬರಿದು ಮಾಡಿದವಳು ನಾನು. ರಂಗನಲ್ಲ, ಶಿರಾದ ಸಾಬರಲ್ಲ — ನಾನು. ಹಾಡಹಗಲಲ್ಲಿ, ಪೂರ್ತಿ ಎಚ್ಚರದಲ್ಲಿದ್ದುಕೊಂಡು, ಕೈಯಾರೆ. ಇಷ್ಟು ವರ್ಷ ಅದನ್ನು ಯಾರಿಗೂ ಹೇಳಲಿಲ್ಲ. ಹಾಗೆಂದು ನನ್ನನ್ನು ಬಾಯಿಲ್ಲದವಳು ಎಂದುಕೊಳ್ಳಬೇಡಿ. ನನ್ನ ಬಾಯಿಗೆ ತಾವರೆಕೆರೆಯ ಸುತ್ತಿನವರೆಲ್ಲ ಹೆದರುತ್ತಿದ್ದರು. ತೆರೆಯಬೇಕಾಗಿದ್ದ ಒಂದು ಕಡೆ ಮಾತ್ರ ಅದು ತೆರೆಯಲಿಲ್ಲ.

ನಾನು ಮಧುಗಿರಿಯ ಮೇಷ್ಟ್ರ ಮಗಳು. ಓದು ಬರಹ ಬರುತ್ತಿತ್ತು, ಅದರ ಜಂಬವೂ ಇತ್ತು. ತಾವರೆಕೆರೆಯ ಹತ್ತಿರದ ಊರಿನ ಪಟೇಲರಿಗೆ ನನ್ನನ್ನು ಕೊಟ್ಟಾಗ, ಮನೆಗೆ ಕೊಟ್ಟರೆಂದು ನಾನು ಅಂದುಕೊಳ್ಳಲಿಲ್ಲ, ದನದ ಕೊಟ್ಟಿಗೆಗೆ ಕೊಟ್ಟರೆಂದುಕೊಂಡೆ. ನಮ್ಮ ಯಜಮಾನರು ಕೆಟ್ಟವರಲ್ಲ. ಕೆಟ್ಟವರಾಗುವುದಕ್ಕೂ ಒಂದಿಷ್ಟು ಬುದ್ಧಿ ಬೇಕಲ್ಲ. ಜಗಲಿಯ ಮೇಲೆ ಕೂತು ಮೀಸೆ ತೀಡುವುದು, ಬಂದವರಿಗೆ ತಮ್ಮ ಬೇಟೆನಾಯಿಗಳನ್ನು ತೋರಿಸುವುದು, ಉಂಡು ಮಲಗುವುದು — ಅವರ ಪಟೇಲಿಕೆ ಅಷ್ಟೆ.

ಅವರ ತಮ್ಮ ರಂಗ. ನನಗಿಂತ ಎರಡು ವರ್ಷಕ್ಕೆ ಚಿಕ್ಕವನು. ಅವನನ್ನು ಕಂಡರೆ ನನಗೆ ಇನ್ನೂ ಹೆಚ್ಚಿನ ತಾತ್ಸಾರ. ನೇಗಿಲ ಮೇಳಿ ಹಿಡಿದರೆ ಸಾಲು ಸೊಟ್ಟ, ದನ ಹೊಡೆದುಕೊಂಡು ಹೋದರೆ ದನ ಒಂದು ಕಡೆ, ಇವನೊಂದು ಕಡೆ. ಮನೆಯ ಗೋಡೆ ಗಡಿಯಾರ ಬಿಚ್ಚಿ ಮತ್ತೆ ಜೋಡಿಸಿದಾಗ ಒಂದು ತಿರುಪು ಮಿಕ್ಕಿತ್ತು. ಗಡಿಯಾರ ನಡೆಯಿತು ನಿಜ, ಆದರೆ ನಾನು ಆ ತಿರುಪನ್ನು ಬಂದ ನೆಂಟರಿಗೆಲ್ಲ ತೋರಿಸಿ ನಗಾಡಿಕೊಂಡೆ. ಹೊತ್ತಿಗೆ ಸರಿಯಾಗಿ ಮುದ್ದೆ ನುಂಗಿ ಶಿರಾಕ್ಕೆ ಓಡಿಬಿಡುತ್ತಿದ್ದ. ಅಲ್ಲಿ ಮೋಟಾರು ಬಸ್ಸು ಇಟ್ಟುಕೊಂಡಿದ್ದ ಬಾಷಾ ಸಾಬರ ಷೆಡ್ಡಿನಲ್ಲಿ ಎಣ್ಣೆ ಮೆತ್ತಿಕೊಂಡು ಬಿದ್ದಿರುತ್ತಿದ್ದ.

ಆ ವರ್ಷ ಹೊಲಗಳೆಲ್ಲ ಕೊಯ್ಲಾದ ಮೇಲೆ ಅಮಲ್ದಾರರ ಭಾವಮೈದುನ ನಮ್ಮೂರಿಗೆ ಮೊಲದ ಬೇಟೆಗೆ ಬರುತ್ತಾನೆಂದು ಸುದ್ದಿಯಾಯಿತು. ಅಮಲ್ದಾರರೂ ಅಲ್ಲ, ಅವರ ಭಾವಮೈದುನ! ಅಷ್ಟಕ್ಕೇ ನಮ್ಮ ಯಜಮಾನರಿಗೆ ನಿದ್ದೆ ಹಾರಿಹೋಯಿತು. ಕತ್ತಲ ರಾತ್ರಿಯಲ್ಲಿ ನಾಯಿ ಕಟ್ಟಿಕೊಂಡು ಹೋಗುವ ಬೇಟೆಗೆ ದೀಪವೇ ಜೀವ. ಯಾವ ದೀಪ? ಈ ಒಂದು ಪ್ರಶ್ನೆಯ ಮೇಲೆ ನಮ್ಮ ಜಗಲಿಯಲ್ಲಿ ಗಂಡಸರು ವಾರವಿಡೀ ಕೂತರು. ರಾಜ್ಯ ಹಂಚುವವರ ಹಾಗೆ — ನಾನು ಒಳಗಿನಿಂದ ಮಜ್ಜಿಗೆ ಕಳಿಸಿ ಕಳಿಸಿ ಸುಸ್ತಾದೆ.

"ಲಾಟೀನೇ ಸಾಕು ಕಣ್ಲಾ ರಂಗ. ನಮ್ಮಪ್ಪ ಅದ್ರಲ್ಲೇ ಹೊಡೀತಿರ್ನಿಲ್ವಾ?" ಎಂದರು ಯಜಮಾನರು.

"ಲಾಟೀನು ನಮ್ ಮಕ ತೋರುಸ್ತದೆ ಕಣಣ್ಣ, ಮೊಲದ ಮಕ ತೋರ್ಸಾಕಿಲ್ಲ" ಎಂದ ರಂಗ.

ಯಾರೋ ಕಾರ್ಬೈಡಿನ ಗ್ಯಾಸ್ ದೀಪ ತಂದರು. ಬೆಳಕೇನೋ ಬೆಳ್ಳಗಿತ್ತು. ಆದರೆ ಅದರ ಬುಸ್ ಬುಸ್ ಸದ್ದು, ಆ ನಾತ! ನಾಯಿಗಳು ಸೀನಿಕೊಂಡು ಹಿತ್ತಿಲಿಗೆ ಓಡಿದವು. ಒಂದು ಗಾಳಿ ಬೀಸಿದರೆ ದೀಪ ಆರಿಯೇಹೋಗುತ್ತಿತ್ತು. ಆಮೇಲೆ ಕೈಬ್ಯಾಟರಿ ಬಂತು, ಮೂರು ಸೆಲ್ಲಿನದು. ಮಂಚದಡಿ ಚಪ್ಪಲಿ ಹುಡುಕುವುದಕ್ಕೆ ಸರಿ, ಆದರೆ ನಾಕು ಮಾರು ಆಚೆ ಹೋದರೆ ಬೆಳಕು ಚೆದುರಿ ಹಾಲು ಚೆಲ್ಲಿದಂತಾಗುತ್ತಿತ್ತು. ಕೊನೆಗೆ ರಂಗ ಶಿರಾದಿಂದ ತನ್ನದನ್ನು ತಂದ. ಮುರಿದುಬಿದ್ದ ಬಸ್ಸಿನ ಮುಂದೀಪ, ಅದಕ್ಕೊಂದು ಮೋಟಾರು ಬ್ಯಾಟರಿ, ಬೆನ್ನಿಗೆ ಹೊತ್ತುಕೊಳ್ಳಲು ಗೋಣಿಯ ಜೋಳಿಗೆ. ಬೆಳಕು ಅಗಲವಾಗಿರಬಾರದು, ಕೋಲಿನ ಹಾಗೆ ನೆಟ್ಟಗಿರಬೇಕು ಎಂದ. ಅದರೊಳಗೆ ಸಿಕ್ಕಿದ ಮೊಲ ಕಣ್ಣು ಕೆಂಡ ಮಾಡಿಕೊಂಡು ನಿಂತಲ್ಲೇ ನಿಂತುಬಿಡುತ್ತದೆ. ಆಗ ನಾಯಿಯನ್ನು ಪಕ್ಕದಿಂದ ಬಿಡಬೇಕು. ದೀಪ ಹಿಡಿದವನ ಕೈ ಅಲುಗಬಾರದು. ಯಜಮಾನರ ಸ್ನೇಹಿತರೆಲ್ಲ ಬಾಯಿ ತೆರೆದುಕೊಂಡು ಕೇಳಿದರು. ಅವರು ಯಾವುದನ್ನು ಬಾಯಿ ತೆರೆಯದೆ ಕೇಳಿದ್ದರು, ಬಿಡಿ.

ಸಂಜೆ ಮಬ್ಬಿನಲ್ಲಿ ಹಿತ್ತಿಲಿಂದ ಅದನ್ನು ಹೊತ್ತಿಸಿ ತೋರಿಸಿದ. ಬೆಳಕು ಹೋಗಿ ಕೆರೆ ಏರಿಯ ಮೇಲೆ ಕೂತಿತು. ಏರಿಯ ಮೇಲಿನ ಜಾಲಿಯ ಒಂದೊಂದು ಮುಳ್ಳೂ ಕಾಣಿಸಿತು. ನನ್ನ ಬಾಯಿಂದ "ಅಯ್ಯೋ!" ಎಂದು ಬಂದುಬಿಟ್ಟಿತು. ರಂಗ ತಿರುಗಿ ನೋಡಿ ನಕ್ಕ. ಆ ನಗುವಿನಲ್ಲಿ ಗರ್ವವೇನೂ ಇರಲಿಲ್ಲ. ಆದರೂ ನನಗೆ ಮೈಯೆಲ್ಲ ಉರಿಯಿತು — ಇವನನ್ನು ನೋಡಿ, ಈ ಸೊಟ್ಟ ಸಾಲಿನವನನ್ನು ನೋಡಿ, ನಾನು ಬೆರಗಾದೆನಲ್ಲ ಎಂದು.

ಅವತ್ತೇ ಅವನು ಅಡಿಗೆಮನೆಯ ಬಾಗಿಲಿಗೆ ಬಂದು ಗುಟ್ಟು ಹೇಳಿದ್ದ. "ಅತ್ತಿಗಮ್ಮ, ಬೇಟೆ ಸಸೂತ್ರವಾಗಿ ಆಗ್ಲಿ. ಸಾಬ್ರು ಅಣ್ಣನ ಕೂಡೆ ಮಾತಾಡ್ತೀನಿ ಅಂದವ್ರೆ. ಪಾವಗಡದ ಬಸ್ಸಿಗೆ ನನ್ನ ಹಾಕ್ಕೊತಾರಂತೆ. ಮೊದ್ಲು ಕ್ಲೀನರು, ಆಮ್ಯಾಕೆ ಡ್ರೈವರು."

"ಬಸ್ಸು ಬಿಡ್ತೀಯಾ? ಮೊದ್ಲು ಹೋಗಿ ಹಸು ಬಿಟ್ಕೊಂಡು ಬಾ" ಎಂದೆ. ಅವನು ಅದಕ್ಕೂ ನಕ್ಕು ಹಸು ಬಿಡಲು ಹೋದ.

ಬ್ಯಾಟರಿಯ ಆಸಿಡ್ಡಿನ ನೀರು ಚೆಲ್ಲಿ, ನಮ್ಮಮ್ಮ ಕೊಟ್ಟಿದ್ದ ಸೀರೆಯ ಸೆರಗು ತೂತುಬಿದ್ದಿತ್ತು. ಅದರ ಸಿಟ್ಟಿಗೆ ಹಾಗೆ ಮಾಡಿದೆ ಎಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಸುಳ್ಳು. ಸೀರೆಗಾಗಿ ಮಾಡಿದ್ದಲ್ಲ. ಅವನು ಗೆಲ್ಲುವುದು ನನಗೆ ಬೇಕಿರಲಿಲ್ಲ, ಅಷ್ಟೆ. ದಡ್ಡನೆಂದು ನಾನು ತೀರ್ಮಾನ ಮಾಡಿಯಾಗಿತ್ತು. ಅವನು ದಡ್ಡನಾಗಿಯೇ ಇರಬೇಕಿತ್ತು.

ಬೇಟೆಯ ದಿನ ಬೆಳಿಗ್ಗೆ ಬ್ಯಾಟರಿಯನ್ನು ಸಾಬರ ಷೆಡ್ಡಿನಲ್ಲಿ ಚಾರ್ಜು ಮಾಡಿಸಿಕೊಂಡು ಬಂದು ಉಗ್ರಾಣದಲ್ಲಿ ದೀಪಕ್ಕೆ ಜೋಡಿಸಿಟ್ಟ. "ಯಾರೂ ಮುಟ್ದಂಗೆ ನೋಡ್ಕಳಿ ಅತ್ತಿಗಮ್ಮ. ಸುಮ್ನೆ ಉರುದ್ರೆ ಖಾಲಿಯಾಗೋಯ್ತದೆ" ಎಂದು ಹೇಳಿ ಅತಿಥಿಗಳನ್ನು ಕರೆತರಲು ಗಾಡಿ ಕಟ್ಟಿಕೊಂಡು ಹೋದ. ಹೇಗೆ ಕೆಡಿಸಬೇಕೆಂದು ಅವನೇ ನನಗೆ ಹೇಳಿಕೊಟ್ಟು ಹೋದ — ನಂಬಿದವರು ಹಾಗೆಯೇ.

ಉಗ್ರಾಣಕ್ಕೆ ಹೋದೆ. ಸ್ವಿಚ್ಚು ಒತ್ತಿದೆ. ದೀಪದ ಮೇಲೆ ಸಗಣಿ ಹೊರುವ ಮಂಕರಿಯನ್ನು ಕವುಚಿ ಹಾಕಿದೆ. ಅದರ ಸಂದುಗಳಿಂದ ಬೆಳಕು ಗೋಡೆಯ ತುಂಬ ಚುಕ್ಕೆ ಚುಕ್ಕೆಯಾಗಿ ಬಿತ್ತು. ಮೇಲೊಂದು ಗೋಣಿ ಹೊದಿಸಿ, ಬಾಗಿಲು ಹಾಕಿಕೊಂಡು ಬಂದು, ಮೊಲದ ಸಾರಿಗೆ ಮಸಾಲೆ ಅರೆಯಲು ಕೂತೆ. ಮೊಲ ಇನ್ನೂ ಹೊಲದಲ್ಲಿತ್ತು, ಯಜಮಾನರು ಆಗಲೇ ಮಸಾಲೆಗೆ ಹೇಳಿಯಾಗಿತ್ತು!

ಸಂಜೆ ಮಂಕರಿ ಎತ್ತಿದಾಗ ದೀಪ ಕೆಂಪಗೆ, ಬೀಡಿಯ ತುದಿಯ ಹಾಗೆ ಉರಿಯುತ್ತಿತ್ತು. ಆರಿಸಿದೆ.

ರಂಗ ಬಂದು ಹೊರಡುವ ಮುಂಚೆ ಒಮ್ಮೆ ಹೊತ್ತಿಸಿ ನೋಡಿದ. ಸ್ವಲ್ಪ ಹೊತ್ತು ಸುಮ್ಮನೆ ಬಿಟ್ಟಿದ್ದಕ್ಕೋ ಏನೋ, ಅದು ಚೆನ್ನಾಗಿಯೇ ಹೊತ್ತಿಕೊಂಡಿತು. ಅವನಿಗೆ ಸಮಾಧಾನವಾಯಿತು. ನಾನು ಬಾಗಿಲ ಕಂಬ ಹಿಡಿದು ನಿಂತಿದ್ದೆ. ಆಗ ಒಂದು ಮಾತು — ಒಂದೇ ಒಂದು ಮಾತು ಹೇಳಿದ್ದರೆ, ಲಾಟೀನನ್ನೂ ಜೊತೆಗೆ ಇಟ್ಟುಕೋ ಎಂದಿದ್ದರೂ ಸಾಕಿತ್ತು. ಹೇಳಲಿಲ್ಲ. ಅಮಲ್ದಾರರ ಭಾವಮೈದುನ ಕಾಲಿಗೆ ಪಟ್ಟಿ ಸುತ್ತಿಕೊಂಡು, ಕೈಯಲ್ಲಿ ಬೆತ್ತ ಹಿಡಿದು, ಟೈಗರ್ ಎಂಬ ಹೆಸರಿನ ಸೀಮೆನಾಯಿಯನ್ನು ಎಳೆದುಕೊಂಡು ಹೊರಟ. ಆ ನಾಯಿ ನಮ್ಮ ಅಂಗಳದ ಕೋಳಿ ಕಂಡೇ ಹಿಂದೆ ಸರಿದಿತ್ತು. ಅವರ ಹಿಂದೆ ಬ್ಯಾಟರಿ ಹೊತ್ತು ರಂಗ.

ಮುಂದಿನದು ಯಜಮಾನರ ಬಾಯಿಂದ ಕೇಳಿದ್ದು. ಹುರುಳಿ ಹೊಲದಾಚೆ ಮೊದಲ ಮೊಲ ಬೆಳಕಿಗೆ ಸಿಕ್ಕಿ ನಿಂತಿತಂತೆ. ನಿಮ್ಮ ನಾಯಿ ಬಿಡುವುದು ಬೇಡ, ನನ್ನ ಟೈಗರ್ರೇ ಹಿಡಿಯಲಿ ಎಂದನಂತೆ ಅತಿಥಿ. ನಾಯಿ ಬಿಟ್ಟ ಗಳಿಗೆಗೇ ದೀಪ ಕೆಂಪಾಗಿ ಆರಿಹೋಯಿತು. ಮೊಲ ದಾರಿ ಬಲ್ಲದು, ಓಡಿತು. ಸೀಮೆನಾಯಿ ಅದರ ಬೆನ್ನು ಹತ್ತಿ ಹಾಳುಬಾವಿಗೆ ಬಿತ್ತು. ಬಾವಿಯಲ್ಲಿ ನೀರಿರಲಿಲ್ಲ, ಬರೀ ಕಲ್ಲು. ನಾಯಿಯ ಗೋಳು ಕೇಳಲಾರದೆ ಅತಿಥಿ ಕೂಗಾಡಿದ, ಯಜಮಾನರು ತಮ್ಮನ ಮೇಲೆ ಕೂಗಾಡಿದರು. ರಂಗ ಬ್ಯಾಟರಿ ಕೆಳಗಿಟ್ಟು, ನಾಯಿಗಳ ಹಗ್ಗಗಳನ್ನು ಗಂಟುಹಾಕಿ, ಆ ಕತ್ತಲಲ್ಲಿ ಬಾವಿಗೆ ಇಳಿದ. ನಡುವೆ ಗಂಟು ಬಿಚ್ಚಿಕೊಂಡಿತು.

ಗಾಡಿ ಅಂಗಳಕ್ಕೆ ಬಂದಾಗ ಮೊದಲು ಇಳಿಸಿದ್ದು ಸತ್ತ ನಾಯಿಯನ್ನು, ಅತಿಥಿಯ ಕೋಟಿನಲ್ಲಿ ಸುತ್ತಿ, ಇಬ್ಬರು ಹಿಡಿದು, ಮೆಲ್ಲಗೆ. ರಂಗ ತಾನೇ ಇಳಿಯಲು ಹೋಗಿ ಬಿದ್ದ. ಮಂಡಿ ಒಡೆದು ಕಾಲು ಅಡ್ಡಕ್ಕೆ ತಿರುಗಿತ್ತು. ನೆಲದ ಮೇಲೆ ಕೂತಿದ್ದವನನ್ನು ಯಜಮಾನರು ಕಾಲಿನ ಕೆರ ಬಿಚ್ಚಿ ಹೊಡೆದರು, ಅತಿಥಿಗೆ ಕಾಣುವ ಹಾಗೆ, ಎಣಿಸದೆ. ರಂಗ ಕೈ ಅಡ್ಡ ಹಿಡಿಯಲಿಲ್ಲ. ಹೊಡೆತದ ನಡುವೆ ನನ್ನ ಕಡೆ ನೋಡಿ ಕೇಳಿದ:

"ಅತ್ತಿಗಮ್ಮ, ನೀವು ಮನೇಲೇ ಇದ್ರಲ್ಲ... ಯಾರಾದ್ರೂ ದೀಪ ಮುಟ್ಟಿದ್ರಾ?"

"ಯಾರು ಮುಟ್ತಾರೆ ನಿನ್ನ ಗುಜರೀನ?"

ಇದೇ ನಾನು ಆಡಿದ ಮಾತು. ಮೂಗು ಮುರಿದುಕೊಂಡು ಆಡಿದೆ.

ಇಷ್ಟಕ್ಕೇ ಮುಗಿದಿದ್ದರೆ ಕಾಲು ಮುರಿದ ಕಥೆಯಾಗುತ್ತಿತ್ತು. ನಮ್ಮ ಯಜಮಾನರು ಅಷ್ಟಕ್ಕೆ ಬಿಡುವವರೇ? ರಂಗನನ್ನು ಗಾಡಿಯಲ್ಲಿ ಮಲಗಿಸಿಕೊಂಡು ಶಿರಾಕ್ಕೆ ಹೋಗಿ, ಬಾಷಾ ಸಾಬರ ಷೆಡ್ಡಿನ ಮುಂದೆ ನಿಂತು, ಸತ್ತ ಬ್ಯಾಟರಿ ಕೊಟ್ಟು ಮೋಸ ಮಾಡಿದೆ ಎಂದು ಬೀದಿಯೆಲ್ಲ ಕೇಳುವ ಹಾಗೆ ಕಿರುಚಿದರು. ಸಾಬರು ವಯಸ್ಸಾದವರು, ಮರ್ಯಾದಸ್ಥರು. "ಖುದಾ ಕಸಮ್ ಪಟೇಲ್ರೇ, ರಾತ್ರಿಯೆಲ್ಲ ಚಾರ್ಜಿಗೆ ಹಾಕಿದ್ದೆ" ಎಂದರೆ ನಂಬುವವರಿಲ್ಲ. ಜನ ಸೇರಿತು. ಆಗ ರಂಗ ಗಾಡಿಯಿಂದಲೇ ಕೂಗಿ ಹೇಳಿದನಂತೆ: "ಅವ್ರನ್ನ ಬುಡಣ್ಣ. ತಪ್ಪು ನಂದೇ. ನಾನೇ ಸಿಚ್ಚು ಆರ್ಸೋದ ಮರ್ತುಬುಟ್ಟಿದ್ದೆ."

ಮರೆತಿರಲಿಲ್ಲ. ಅವನು ಮರೆತಿರಲಿಲ್ಲವೆಂದು ಖಂಡಿತವಾಗಿ ಹೇಳಬಲ್ಲವಳು ಈ ಲೋಕದಲ್ಲಿ ನಾನೊಬ್ಬಳೇ.

ಸಾಬರು ಅವನ ತಲೆ ಸವರಿ, "ಬ್ಯಾಟರಿ ಮರೆಯೋನು ನಾಳೆ ಬ್ರೇಕು ಮರೀತಾನೆ ಬೇಟಾ. ಜನರ ಜೀವ ನಿನ್ನ ಕೈಗೆ ಹೆಂಗೆ ಕೊಡ್ಲಿ?" ಎಂದರಂತೆ. ಬಸ್ಸು ಹೋಯಿತು. ಯಜಮಾನರು ಮನೆಗೆ ಬಂದು ಇದನ್ನೆಲ್ಲ ದೊಡ್ಡ ಗೆಲುವಿನ ಹಾಗೆ ವರ್ಣಿಸಿದರು. ಕೇಳುತ್ತ ನನಗೆ ಏನನ್ನಿಸಿತು ಗೊತ್ತೆ? ಪಶ್ಚಾತ್ತಾಪವಲ್ಲ. ಮಾಡದ ತಪ್ಪನ್ನು ಮೈಮೇಲೆ ಹಾಕಿಕೊಳ್ಳುವ ಇವನೆಂಥ ಪೆದ್ದ, ಎಂದುಕೊಂಡೆ. ಅಂಥವಳು ನಾನು. ಯಜಮಾನರನ್ನು, ಅವರ ಅತಿಥಿಯನ್ನು ಇಷ್ಟು ಹೊತ್ತು ಆಡಿಕೊಂಡೆನಲ್ಲ — ಅವರಲ್ಲಿ ಒಬ್ಬರೂ ನನ್ನಷ್ಟು ಕೀಳಾಗಿರಲಿಲ್ಲ. ಅವರಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು.

ಕುಂಟುಗಾಲಿನವನಿಗೆ ನಮ್ಮ ಕಡೆ ಯಾರೂ ಹೆಣ್ಣು ಕೊಡಲಿಲ್ಲ. ಪಾವಗಡದ ಕಡೆಯ ಒಂದು ಮನೆಗೆ ಮನೆಅಳಿಯನಾಗಿ ಹೋದ. ಕಡಲೆಕಾಯಿ ಮಿಲ್ಲಿನ ಗೇಟು ಕಾದುಕೊಂಡು ಕಾಲ ಕಳೆದ. ಮಹಾರಾಜರ ಕಾಲ ಮುಗಿಯಿತು, ಪಟೇಲಿಕೆ ಹೋಯಿತು, ಯಜಮಾನರೂ ಹೋದರು. ಸಾಬರು ಎಂದೋ ತೀರಿಕೊಂಡರು. ನಾನು ಮಾತ್ರ, ಕೇಳುವವರಿಲ್ಲದ ಧೈರ್ಯದಲ್ಲಿ, ಆರಾಮಾಗಿ ಮುದುಕಿಯಾದೆ.

ಹೋದ ತಿಂಗಳು ರಂಗನ ಮರಿಮಗುವಿನ ನಾಮಕರಣಕ್ಕೆ ಹೋಗಿದ್ದೆ. ಊಟವಾದ ಮೇಲೆ ಮೊಮ್ಮಕ್ಕಳು ಅವನನ್ನು ಮುತ್ತಿಕೊಂಡು, ಆ ಕಡೆಯ ತೆಲುಗಿನಲ್ಲಿ ಕಥೆ ಹೇಳೆಂದು ಪೀಡಿಸಿದರು. "ತಾತಾ, ಆ ಬ್ಯಾಟ್ರಿ ಕಥ ಚೆಪ್ಪು ತಾತಾ!" ಅವನು ಹೇಳಿದ. ಸೀಮೆನಾಯಿಯ ಹಾಗೆ ಬೊಗಳಿ ತೋರಿಸಿದ, ಬಾವಿಗೆ ಬಿದ್ದದ್ದನ್ನು ಅಭಿನಯಿಸಿದ, ಅಣ್ಣನ ಕೆರದೇಟನ್ನೂ ನಗುತ್ತಲೇ ಹೇಳಿದ. ಕೊನೆಗೆ, "ಎಲ್ಲ ನನ್ನ ಮರೆವು ಕಣ್ರಪ್ಪ. ಸಿಚ್ಚು ಆರ್ಸೋದೇ ಮರ್ತುಬುಟ್ಟಿದ್ದೆ!" ಎಂದ. ಮಕ್ಕಳೆಲ್ಲ ಚಪ್ಪಾಳೆ ತಟ್ಟಿ, "ಮತಿಮರುಪು ತಾತ! ಮತಿಮರುಪು ತಾತ!" ಎಂದು ಕುಣಿದವು. ಮನೆಯಲ್ಲಿ ಅವನಿಗೆ ಅದೇ ಹೆಸರಂತೆ, ಮರೆಗುಳಿ ತಾತ ಎಂದು.

ನಾನು ಅವನ ಕಣ್ಣು ನೋಡಿದೆ. ಅವನು ನಾಟಕವಾಡುತ್ತಿರಲಿಲ್ಲ. ಸಾಬರನ್ನು ಉಳಿಸಲು ಆಡಿದ ಸುಳ್ಳು, ಹೇಳಿ ಹೇಳಿ, ಅವನಿಗೇ ನಿಜವಾಗಿಬಿಟ್ಟಿದೆ. ಸೊಸೆ ಬೀರುವಿನ ಕೀಲಿಯನ್ನು ಅವನ ಕೈಗೆ ಕೊಡುವುದಿಲ್ಲ. ಸಂತೆಗೆ ಕಳಿಸಿದರೆ ಹಿಂದೆ ಒಬ್ಬರನ್ನು ಕಳಿಸುತ್ತಾಳೆ. ಅವನೂ ತನ್ನನ್ನು ನಂಬುವುದಿಲ್ಲ. ಬಾಗಿಲು ಹಾಕಿ, ಮತ್ತೆ ಎದ್ದುಹೋಗಿ, ಹಾಕಿದೆನೋ ಇಲ್ಲವೋ ಎಂದು ಚಿಲಕ ಮುಟ್ಟಿ ನೋಡುತ್ತಾನೆ. ಗಡಿಯಾರವನ್ನೇ ಬಿಚ್ಚಿ ಜೋಡಿಸಿದ ಕೈ ಅದು. ನಾನು ಅವನ ಕಾಲು ಮುರಿದೆ, ಬಸ್ಸು ತಪ್ಪಿಸಿದೆ ಎಂದಷ್ಟೇ ತಿಳಿದಿದ್ದೆ. ಅವನಿಂದ ಅವನನ್ನೇ ಕಿತ್ತುಕೊಂಡಿದ್ದೇನೆ ಎಂದು —

ಅಲ್ಲೇ ಹೇಳಬಹುದಿತ್ತು. ಮಕ್ಕಳು ನಗುತ್ತಿದ್ದವು, ನಾನೂ ಅವರ ಜೊತೆ ನಕ್ಕೆ. ಹೋಳಿಗೆ ತಿಂದೆ. ಕುಂಕುಮ ಇಡಿಸಿಕೊಳ್ಳುವ ಭಾಗ್ಯವಿಲ್ಲದವಳೆಂದು ಸೀರೆ ಕೊಟ್ಟು ಕಾಲಿಗೆ ಬಿದ್ದರು. ಅದನ್ನೂ ಇಸಿದುಕೊಂಡು ಬಸ್ಸು ಹತ್ತಿದೆ.

ನಾಳೆ ಮತ್ತೆ ಹೋಗುತ್ತಿದ್ದೇನೆ. ಅವನಿಗೊಬ್ಬನಿಗೇ ಹೇಳಿದರೆ "ಹೋಗ್ಲಿ ಬುಡಿ ಅತ್ತಿಗಮ್ಮ" ಎಂದು ನಕ್ಕು ಮುಚ್ಚಿಹಾಕಿಬಿಡುತ್ತಾನೆ, ಅವನ ಜಾತಕವೇ ಅದು. ಅದಕ್ಕೆ ಅವಕಾಶ ಕೊಡುವುದಿಲ್ಲ. ಮೊದಲು ಮಕ್ಕಳನ್ನು ಕೂರಿಸಿಕೊಳ್ಳುತ್ತೇನೆ, ಸೊಸೆಯನ್ನು ಕರೆಯುತ್ತೇನೆ, ಆಮೇಲೆ ಅವನನ್ನು. ನಿಮ್ಮ ತಾತ ಏನನ್ನೂ ಮರೆತಿರಲಿಲ್ಲ ಎನ್ನುತ್ತೇನೆ. ಯಾರು, ಹೇಗೆ, ಏಕೆ ಎಂಬುದನ್ನೆಲ್ಲ ಹೇಳುತ್ತೇನೆ. ಕ್ಷಮೆ ಕೇಳುವುದಿಲ್ಲ. ಕೇಳಿದರೆ ಅವನು ಕೊಟ್ಟುಬಿಡುತ್ತಾನೆ.

ಅವರು ಏನಂದರೂ ಕೇಳಿಸಿಕೊಂಡು ಅಲ್ಲೇ ಕೂತಿರುತ್ತೇನೆ.